ಇನ್ನೂರ ಹದಿನೇಳನೆಯ ಸಾಲು

ಮನೆ, ಹಿಂದಿನ ಕೋಣೆ
ನವೆಂಬರ್ 14, ಶುಕ್ರವಾರ ಬೆಳಿಗ್ಗೆ

ಪ್ರೀತಿಯ ಪಿಟೀಲು,

ಹೇಗಿದ್ದೀಯಪ್ಪ? ಹೊತ್ತು ಹೊತ್ತಿಗೆ ಊಟ ಮಾಡುತ್ತೀಯೋ, ಇಲ್ಲ ಊರವರ ಹಲ್ಲು ನೋಡಿಕೊಂಡೇ ಹೊಟ್ಟೆ ತುಂಬಿಸಿಕೊಳ್ಳುತ್ತೀಯೋ? ದಿನವಿಡೀ ಕತ್ತು ಬಗ್ಗಿಸಿ ಕೂತು ಕಟ್ಟುಹಲ್ಲಿನ ಸೆಟ್ಟು ಮಾಡುವ ಕೆಲಸದಲ್ಲಿ ನಿನಗೆ ಬೆನ್ನು ಹಿಡಿದುಕೊಂಡಿದೆ ಎಂದು ನಿಮ್ಮ ಲ್ಯಾಬಿನ ಯಜಮಾನರು ನಿನ್ನ ಅಮ್ಮನಿಗೆ, ನಮ್ಮ ಅಕ್ಕನಿಗೆ, ಫೋನಿನಲ್ಲಿ ಹೇಳಿದರಂತೆ. ಮಧ್ಯೆ ಮಧ್ಯೆ ಎದ್ದು ಓಡಾಡು. ಹಲ್ಲು ತೇಯುವಾಗ ಏಳುವ ಪುಡಿ ಎದೆಗೆ ಒಳ್ಳೆಯದಲ್ಲ, ಮೂಗಿಗೆ ಬಟ್ಟೆ ಕಟ್ಟಿಕೋ. ನೀನು ಈಗ ಲ್ಯಾಬಿನ ಮೇಲಿನ ಕೋಣೆಗೆ ಬಂದಿದ್ದೀಯೆಂದೂ ಅವರೇ ಹೇಳಿದ್ದು. ಕಿವಿ ಕೇಳದ ನಿನಗೆ ಯಾರಾದರೂ ಬಂದದ್ದು ತಿಳಿಯಲಿ ಎಂದು ಅವರು ಕರೆಗಂಟೆಗೆ ಒಂದು ದೀಪ ಜೋಡಿಸಿಕೊಟ್ಟರೆ, ಅದರ ವೈರನ್ನು ನೀನು ಮೊದಲ ದಿನವೇ ಕಿತ್ತುಹಾಕಿದೆಯಂತೆ. ಬಂದವರು ಬಾಗಿಲ ಕೆಳಗೆ ಚೀಟಿ ತೂರಿಸಿ ಕಾಯಬೇಕಂತೆ. ಸಾಹೇಬರ ದರ್ಶನಕ್ಕೆ ಇಷ್ಟೆಲ್ಲ ಶಿಸ್ತು ಇದೆಯೆಂದು ನಮಗೆ ಗೊತ್ತಿರಲಿಲ್ಲ. ಫೋನಿನಲ್ಲಂತೂ ಅಕ್ಕನನ್ನೂ ನನ್ನನ್ನೂ ಬ್ಲಾಕ್ ಮಾಡಿ ಎರಡು ತಿಂಗಳಾಯಿತು. ಹಾಗಾಗಿ ಈ ಕಾಗದ. ನನ್ನ ಕಾಗದವನ್ನು ನೀನು ಯಾವಾಗಲೂ ಬಾಲದಿಂದ ಓದುವವನು. ಮಾವ ಮುಖ್ಯವಾದದ್ದನ್ನೆಲ್ಲ ಕೊನೆಯಲ್ಲಿ ಬಚ್ಚಿಡುತ್ತಾನೆ ಎನ್ನುತ್ತೀಯ. ಅದು ನನ್ನ ಕಸುಬು ಕಲಿಸಿದ ಚಟ. ಸರ್ಚಿನಲ್ಲಿ ಮೇಲೆ ಬರಬೇಕಾದರೆ ಓದುವವರು ಪುಟ ಬಿಟ್ಟು ಎದ್ದು ಹೋಗಬಾರದು, ಅದಕ್ಕೇ ಅವರಿಗೆ ಬೇಕಾದ ಉತ್ತರವನ್ನು ತಳದಲ್ಲಿಟ್ಟು ಮೇಲೆ ಪುರಾಣ ಹೇಳುತ್ತೇವೆ. ಈ ಒಂದು ಸಲ ಮಾತ್ರ ಮೊದಲಿನಿಂದ ಓದು. ದಮ್ಮಯ್ಯ ಅನ್ನುತ್ತೇನೆ.

ನಿನ್ನ ಅತ್ತೆ ಚೆನ್ನಾಗಿದ್ದಾಳೆ, ಅಂದರೆ ನನ್ನನ್ನು ಬೈಯುವಷ್ಟು ತ್ರಾಣ ಇದೆ. ನನಗೆ ರಕ್ತದೊತ್ತಡ ಇದೆಯೆಂದು ಉಪ್ಪನ್ನು ಕಪಾಟಿನ ಮೇಲಿನ ಹಲಗೆಗೆ ಏರಿಸಿದ್ದಾಳೆ. ನಾನು ಸ್ಟೂಲು ಹಾಕಿ ಇಳಿಸಿಕೊಳ್ಳುತ್ತೇನೆ. ಅಕ್ಕನ ಮಂಡಿ ಈ ವರ್ಷ ತೀರಾ ಕೆಟ್ಟಿದೆ. ಹತ್ತು ನಿಮಿಷ ನಿಂತರೆ ಗೋಡೆ ಹಿಡಿಯುತ್ತಾಳೆ, ಮೆಟ್ಟಿಲನ್ನು ಪಕ್ಕಕ್ಕೆ ತಿರುಗಿಕೊಂಡು ಒಂದೊಂದಾಗಿ ಇಳಿಯುತ್ತಾಳೆ, ಕುರ್ಚಿ ಎಳೆದು ಕೊಟ್ಟರೆ ನನ್ನ ಮೇಲೇ ಸಿಡುಕುತ್ತಾಳೆ. ಪ್ರತಿ ಶನಿವಾರ ಶಾಲೆಯ ಕೋಣೆಯಲ್ಲಿ ಕಿವಿ ಕೇಳದ ಮಕ್ಕಳ ತಾಯಂದಿರನ್ನು ಕೂರಿಸಿಕೊಂಡು ಮಾತಾಡುತ್ತಿದ್ದಳಲ್ಲ, ಅದನ್ನು ನಿಲ್ಲಿಸಿ ಒಂದು ತಿಂಗಳಾಯಿತು. ಹಜಾರದ ಗೋಡೆಯಿಂದ ನಿಮ್ಮಿಬ್ಬರ ಫೋಟೋ ಇಳಿಸಿದ್ದಾಳೆ. ಐದು ವರ್ಷದ ನೀನು ಅವಳ ಗಂಟಲ ಮೇಲೆ ಅಂಗೈ ಇಟ್ಟುಕೊಂಡು ಮಾತಿನ ನಡುಕ ಕಲಿಯುತ್ತಿರುವ ಫೋಟೋ. ನಾನು ತೆಗೆದದ್ದು, ಎಡಗಡೆಯ ಮೂಲೆಯಲ್ಲಿ ನನ್ನ ಹೆಬ್ಬೆರಳು ಅಡ್ಡ ಬಂದದ್ದು. ಅದರಿಂದಲೇ ಅಲ್ಲವೇ ನೀನು ನನಗೆ ಸನ್ನೆಯಲ್ಲಿ ಹೆಸರಿಟ್ಟದ್ದು, ಕಣ್ಣಿನ ಪಕ್ಕಕ್ಕೆ ಒಂದು ಹೆಬ್ಬೆರಳು ಎತ್ತಿ ಹಿಡಿದು. ಈಗ ಗೋಡೆಯಲ್ಲಿ ಬರೀ ಮೊಳೆ ಇದೆ.

ಕಳೆದ ಭಾನುವಾರ ಹೋದಾಗ ಅಕ್ಕ ನನ್ನ ಕೈಗೆ ಒಂದು ತಗಡಿನ ಡಬ್ಬಿ ಇಟ್ಟಳು. “ಯಾರಿಗಾದ್ರೂ ಕೊಡು, ಇಲ್ಲಾಂದ್ರೆ ಎಸಿ” ಎಂದಳು. ಮನೆಗೆ ಬಂದು ತೆರೆದರೆ ಒಳಗೆ ನಿನ್ನ ಮೊದಲ ಶ್ರವಣ ಯಂತ್ರ. ಕಿವಿಯೊಳಗೆ ಕೂರುವ ಆ ನೀಲಿ ಅಚ್ಚು ನನ್ನ ಕಿರುಬೆರಳಿನ ಉಗುರಿನಷ್ಟೂ ಇಲ್ಲ. ನೀನು ಅದನ್ನು ಕಿತ್ತು ಬಾಯಿಗೆ ಹಾಕಿ ಕಚ್ಚಿದ ಗುರುತು ಹಾಗೇ ಇದೆ; ಹಲ್ಲಿನ ಕಸುಬು ನಿನಗೆ ಆಗಲೇ ಹಿಡಿದಿತ್ತು ಅನ್ನಿಸುತ್ತದೆ. ಹುಟ್ಟಿದ ವಾರದಲ್ಲೇ ನಿನ್ನ ಅಳುವಿನ ಸ್ವರ ಕೇಳಿ ತಾತ ಪಿಟೀಲು ಅಂದದ್ದು, ನಿನಗೆ ಕಿವಿ ಕೇಳುವುದಿಲ್ಲವೆಂದು ತಿಳಿದಾಗ ಆ ಹೆಸರು ಕರೆಯಲು ಎಲ್ಲರೂ ಹಿಂಜರಿದದ್ದು, ದೊಡ್ಡವನಾದ ಮೇಲೆ ಅರ್ಥ ತಿಳಿದುಕೊಂಡು ಅದೇ ಇರಲಿ ಎಂದು ನೀನೇ ಹಟ ಹಿಡಿದದ್ದು, ಎಲ್ಲ ಆ ಡಬ್ಬಿಯಲ್ಲಿ ಕಂಡಿತು. ಒಬ್ಬಳು ತಾಯಿ ಅಂಥದ್ದನ್ನು ಎಸೆಯಲು ಕೊಡುತ್ತಾಳೆಂದರೆ ಅವಳೊಳಗೆ ಏನು ನಡೆದಿರಬೇಕು ಯೋಚಿಸು. ಐದು ದಿನದಿಂದ ಡಬ್ಬಿ ನನ್ನ ಮೇಜಿನ ಮೇಲಿದೆ. ಅದರ ಮುಂದೆ ಕೂತು ಬೇರೆ ಯಾವ ಕೆಲಸವೂ ಸಾಗುತ್ತಿಲ್ಲ.

ಸುತ್ತಿ ಬಳಸಿದ್ದು ಸಾಕು. ಪಿಟೀಲು, ಏಪ್ರಿಲ್‌ನಲ್ಲಿ ನಿನ್ನ ತಲೆಗೆ ಕಟ್ಟಿದ್ದು ನಿನ್ನ ತಪ್ಪಲ್ಲ. ಅಕ್ಕನ ವೆಬ್‌ಸೈಟನ್ನು ನೀನು ಯಾರಿಗೂ ಮಾರಲಿಲ್ಲ. ಅದರಲ್ಲಿ ಕಿವಿಗೆ ಹಾಕುವ ಹನಿಯ ಜಾಹೀರಾತನ್ನು ನೀನು ಸೇರಿಸಲಿಲ್ಲ. ಸೇರಿಸಿದವನು ನಾನು. ಗೊತ್ತಿಲ್ಲದೆ ಮಾಡಿದೆ ಎನ್ನುವುದು ಆಗಸ್ಟ್‌ವರೆಗೆ ನಿಜ. ಆಮೇಲೆ ಮೂರು ತಿಂಗಳು ಎಲ್ಲ ಗೊತ್ತಿದ್ದೂ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಅಕ್ಕನಿಗೆ ಈ ಕ್ಷಣಕ್ಕೂ ಗೊತ್ತಿಲ್ಲ. ಇದನ್ನು ಅಂಚೆಗೆ ಹಾಕಿ ಬಂದು ಅವಳಿಗೆ ಹೇಳುತ್ತೇನೆ.

ಹೇಗೆಂದು ಕೇಳುವ ಹಕ್ಕು ನಿನಗಿದೆ, ಆದ್ದರಿಂದ ಬುಡದಿಂದ ಹೇಳುತ್ತೇನೆ. ಆ ಸೈಟನ್ನು ಸುಮಾರು ಹದಿನೈದು ವರ್ಷದ ಹಿಂದೆ ಅಕ್ಕನ ಹುಟ್ಟುಹಬ್ಬಕ್ಕೆಂದು ಮಾಡಿಕೊಟ್ಟವನು ನಾನೇ. ನಿನ್ನನ್ನು ಬೆಳೆಸುವಾಗ ಅವಳು ಕಲಿತದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು: ಮಗು ಕೂಗಿದರೆ ತಿರುಗದಿದ್ದರೆ ಮೊದಲು ಏನು ಮಾಡಬೇಕು, ಯಂತ್ರವನ್ನು ಕಿತ್ತೆಸೆದರೆ ಹೇಗೆ ಒಲಿಸಬೇಕು, ಸನ್ನೆ ಕಲಿಸಿದರೆ ಮಾತು ಬರುವುದಿಲ್ಲ ಎನ್ನುವ ನೆಂಟರಿಗೆ ಏನು ಉತ್ತರ ಕೊಡಬೇಕು. ಅದನ್ನೆಲ್ಲ ಹಾಕಿ, ಮೇಲೆ ಆ ಫೋಟೋ ಹಾಕಿ, ಸೈಟಿಗೆ ಒಂದು ಹೆಸರು ಕೊಂಡು ನೋಂದಾಯಿಸಿದೆ. ವರ್ಷ ವರ್ಷ ಆ ಹೆಸರನ್ನು ನವೀಕರಿಸಬೇಕು, ನೆನಪಿನ ಪತ್ರ ಈ-ಮೇಲಿಗೆ ಬರುತ್ತದೆ. ಅಕ್ಕನಿಗೆ ಆ ಗೊಡವೆ ಬೇಡವೆಂದು ನನ್ನ ಆಗಿನ ಆಫೀಸಿನ ಈ-ಮೇಲ್ ಕೊಟ್ಟಿದ್ದೆ. ಒಂದೂವರೆ ವರ್ಷದ ಹಿಂದೆ ಆ ಆಫೀಸು ಬಿಟ್ಟೆ. ಅವರು ನನ್ನ ಈ-ಮೇಲ್ ಮುಚ್ಚಿದರು. ನೆನಪಿನ ಪತ್ರಗಳು ಯಾರೂ ಇಲ್ಲದ ಪೆಟ್ಟಿಗೆಗೆ ಬಂದು ಬಂದು ನಿಂತವು. ಸೈಟು ನೋಡಿಕೊಳ್ಳುವ ಕೆಲಸವನ್ನು ಅಕ್ಕ ನಿನಗೆ ವಹಿಸಿದ್ದಳು, ನಿಜ. ಆದರೆ ನಿನ್ನ ಕೈಯಲ್ಲಿದ್ದದ್ದು ಒಳಗಿನ ಕೋಣೆಯ ಕೀಲಿ. ಮನೆಯೇ ನನ್ನ ಹೆಸರಿನಲ್ಲಿತ್ತು, ನಾನು ಮರೆತಿದ್ದೆ. ಕಳೆದ ಡಿಸೆಂಬರಿನಲ್ಲಿ ಅವಧಿ ಮುಗಿದು ಆ ಹೆಸರು ಹರಾಜಿಗೆ ಬಂತು.

ಇನ್ನು ನನ್ನ ಈಗಿನ ಕೆಲಸ. ಮಾವ ಕಂಪ್ಯೂಟರಿನಲ್ಲಿ ಏನೋ ಮಾಡುತ್ತಾನೆ ಎಂದಷ್ಟೇ ಮನೆಯಲ್ಲಿ ಗೊತ್ತು. ನಾನೂ ಬಿಡಿಸಿ ಹೇಳಿದವನಲ್ಲ. ಜನ ಏನಾದರೂ ಸರ್ಚ್ ಮಾಡಿದಾಗ ನಮಗೆ ಹಣ ಕೊಟ್ಟವರ ಪುಟ ಮೊದಲು ಬರುವ ಹಾಗೆ ಮಾಡುವುದು ನಮ್ಮ ಕಸುಬು. ಯಾವ ಪುಟವನ್ನು ಮೇಲಿಡಬೇಕೆಂದು ತಿಳಿಯಲು ಸರ್ಚಿನ ಯಂತ್ರ ಬೇರೆಯವರ ಶಿಫಾರಸು ನೋಡುತ್ತದೆ. ದೊಡ್ಡ ಆಸ್ಪತ್ರೆಯೊಂದು ತನ್ನ ಸೈಟಿನಲ್ಲಿ ‘ಇವರನ್ನು ನೋಡಿ’ ಎಂದು ಲಿಂಕ್ ಕೊಟ್ಟರೆ ಅದಕ್ಕೆ ಭಾರೀ ತೂಕ. ಅಕ್ಕನಿಗೆ ಅಂಥ ಮೂವತ್ತೆಂಟು ಆಸ್ಪತ್ರೆ, ಹನ್ನೊಂದು ಕಾಲೇಜು ಲಿಂಕ್ ಕೊಟ್ಟಿದ್ದವು. ಅವಳು ಯಾರ ಬಳಿಯೂ ಕೇಳಿದವಳಲ್ಲ. ಒಬ್ಬೊಬ್ಬ ತಾಯಿಗೂ ಕೂತು ಉತ್ತರ ಬರೆದಳು, ಅವು ತಾವಾಗಿ ಬಂದವು. ಹೆಸರು ಕೈಬಿಟ್ಟು ಹೋದರೂ ಆ ಲಿಂಕುಗಳು ಇದ್ದಲ್ಲೇ ಇರುತ್ತವೆ. ಹರಾಜಿನಲ್ಲಿ ಹೆಸರು ಕೊಂಡವನಿಗೆ ಹದಿನಾಲ್ಕು ವರ್ಷದ ಮರ್ಯಾದೆ ಬಿಟ್ಟಿಯಾಗಿ ಸಿಗುತ್ತದೆ. ಅಂಥವನ್ನು ಹುಡುಕಿ ಕೊಂಡು, ಹಳೆಯ ಪುಟಗಳನ್ನು ಹಾಗೇ ಮತ್ತೆ ಎಬ್ಬಿಸಿ ನಿಲ್ಲಿಸಿ, ನಡುವೆ ನಮ್ಮವರ ಸರಕಿನ ಬಗ್ಗೆ ಒಂದು ಪ್ಯಾರಾ ತೂರಿಸುವುದು ನನ್ನ ವಿಭಾಗದ ಕೆಲಸ. ಎಬ್ಬಿಸುವುದಕ್ಕೆ ಒಂದು ಪ್ರೋಗ್ರಾಂ ಇದೆ, ಮನುಷ್ಯರು ಮುಟ್ಟಬೇಕಾಗಿಲ್ಲ.

ಮುಟ್ಟಬೇಕಾಗಿಲ್ಲ ಅಷ್ಟೇ ಅಲ್ಲ, ನೋಡುವ ಹಾಗೂ ಇಲ್ಲ. ದಲ್ಲಾಳಿಗಳು ನಮಗೆ ಕಳಿಸುವ ಪಟ್ಟಿಯಲ್ಲಿ ಹೆಸರಿನ ಕಾಲಂ ಮುಚ್ಚಿರುತ್ತದೆ. ತೆರೆದಿಟ್ಟರೆ ಇನ್ನೊಬ್ಬ ಹೋಗಿ ನೇರವಾಗಿ ಕೊಂಡುಬಿಡುತ್ತಾನೆ ಎಂಬ ಭಯ. ಆರಿಸುವವನಿಗೆ ಕಾಣುವುದು ಸಾಲಿನ ಸಂಖ್ಯೆ, ವಯಸ್ಸು, ಎಷ್ಟು ಲಿಂಕು, ಎಂಥವರಿಂದ. ಕೊಂಡ ಮೇಲೂ ಆರಿಸಿದವನು ಹೆಸರು ನೋಡಬಾರದು, ಬಾಯಿ ತಪ್ಪಿ ಹೊರಗೆ ಹೋದೀತು ಎಂದು ನಮ್ಮ ಆಫೀಸಿನಲ್ಲಿ ಒಂದು ನಿಯಮ ಇದೆ. ಆ ನಿಯಮ ಮಾಡಿದವನು ನಾನು. ಜನವರಿಯಲ್ಲಿ ನಾನೂರು ಸಾಲಿನ ಪಟ್ಟಿ ಬಂತು. ಇನ್ನೂರ ಹದಿನೇಳನೆಯ ಸಾಲು ನೋಡಿ ಕುರ್ಚಿಯಿಂದ ಎದ್ದು ನಿಂತೆ. ಹದಿನಾಲ್ಕು ವರ್ಷ, ಮೂವತ್ತೆಂಟು ಆಸ್ಪತ್ರೆ, ಹನ್ನೊಂದು ಕಾಲೇಜು, ಒಂದೂ ಕೊಂಡ ಲಿಂಕಲ್ಲ. “ಯಾರೋ ಪುಣ್ಯಾತ್ಮರು ಬಿಟ್ಟು ಹೋಗಿದ್ದಾರೆ ಕಣ್ರೋ” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಕಾಫಿ ತರಿಸಿದೆ. ಕಿವಿಯ ಹನಿ ಮಾರುವ ಕಂಪನಿಯೊಂದು ಆಗಷ್ಟೇ ನಮ್ಮ ಬಳಿ ಬಂದಿತ್ತು. ಎರಡನ್ನೂ ಜೋಡಿಸಿದವನೂ ನಾನೇ. ನನ್ನ ಅಕ್ಕನ ಜನ್ಮದ ಕೆಲಸವನ್ನು ಸಂಖ್ಯೆಯಲ್ಲಿ ನೋಡಿ ಮೆಚ್ಚಿ ಕೊಂಡೆ, ಅದಕ್ಕೊಂದು ಮುಖ ಇದೆಯೆಂದು ನೋಡಲಿಲ್ಲ.

ಮುಂದಿನದು ನಿನಗೇ ಗೊತ್ತು. ಏಪ್ರಿಲ್‌ನಲ್ಲಿ ನೀನು ರಜೆಗೆ ಬಂದಿದ್ದಾಗಲೇ ಆಸ್ಪತ್ರೆಯ ಕಿವಿ ಪರೀಕ್ಷಕರು ಅಕ್ಕನಿಗೆ ಫೋನ್ ಮಾಡಿ “ನೀವೂ ಹನಿ ಮಾರೋಕೆ ಶುರು ಮಾಡಿದ್ರಾ?” ಎಂದು ಕೇಳಿದರು. ತೆರೆದು ನೋಡಿದರೆ ಸೈಟು ಮೊದಲಿನಂತೆಯೇ ಇದೆ, ಫೋಟೋ ಇದೆ, ಅವಳದೇ ಬರಹ ಇದೆ, ನಡುವೆ ಅವಳ ಮಾತಿನ ಧಾಟಿಯಲ್ಲೇ ಒಂದು ಪ್ಯಾರಾ: ಆರು ತಿಂಗಳು ಈ ಹನಿ ಹಾಕಿ ನೋಡಿ, ಅಲ್ಲಿಯವರೆಗೆ ಪರೀಕ್ಷೆಗೆ ಅವಸರ ಬೇಡ. ಪಾಸ್‌ವರ್ಡ್ ಇದ್ದದ್ದು ನಿನ್ನೊಬ್ಬನ ಬಳಿ. ನೀನು ಹಾಕಿ ನೋಡಿದರೆ ಅದು ಒಪ್ಪುತ್ತಿಲ್ಲ. ನೀನೇ ಬದಲಾಯಿಸಿ ನಾಟಕ ಮಾಡುತ್ತಿದ್ದೀಯ ಎಂದು ಅವಳು ತಿಳಿದಳು. ಬೀಗ ಬದಲಾಗಿರಲಿಲ್ಲ ಮಗನೇ, ಬಾಗಿಲೇ ಬೇರೆಯಾಗಿತ್ತು. ಆಗ ಅಕ್ಕ ನನಗೆ ಫೋನ್ ಮಾಡಿದಳು, ಮನೆಯಲ್ಲಿ ಇದೆಲ್ಲ ತಿಳಿದವನು ನಾನೊಬ್ಬನೇ ತಾನೇ. ಎರಡು ಮೀಟಿಂಗಿನ ನಡುವೆ, ಲಿಫ್ಟಿನ ಮುಂದೆ ನಿಂತಿದ್ದೆ. ಅವಳು ಕಳಿಸಿದ ಲಿಂಕನ್ನು ತೆರೆದೂ ನೋಡಲಿಲ್ಲ. “ಪಾಸ್‌ವರ್ಡ್ ಇರೋರು ಬಿಟ್ಟು ಬೇರೆಯವರು ಮಾಡೋಕಾಗಲ್ಲ ಅಕ್ಕ, ಅವನನ್ನೇ ಕೇಳು” ಎಂದೆ. ಆ ಮಾತನ್ನು ಅವಳು ನಿನ್ನ ಮುಂದೆ ಹೇಳಿದಾಗ ನಿನ್ನ ಮುಖ ಹೇಗಾಯಿತೆಂದು ನನಗೆ ಅವಳೇ ಆಮೇಲೆ ಹೇಳಿದಳು. ಸನ್ನೆ ಮಾಡುವ ಎರಡೂ ಕೈಯನ್ನು ನೀನು ಜೇಬಿಗೆ ಹಾಕಿಕೊಂಡೆಯಂತೆ. ನಿನ್ನಂಥವನು ಕೈ ಜೇಬಿಗೆ ಹಾಕಿಕೊಂಡರೆ ಅದರ ಅರ್ಥ ಏನೆಂದು ನಮಗೆಲ್ಲ ಗೊತ್ತು.

ಅವತ್ತು ಲಿಂಕು ತೆರೆದಿದ್ದರೆ ಅರ್ಧ ನಿಮಿಷದಲ್ಲಿ ನನಗೆ ತಿಳಿಯುತ್ತಿತ್ತು. ಆ ಪ್ಯಾರಾದ ಕೆಳಗಿದ್ದ ಹನಿಯ ಸೀಸೆಯ ಚಿತ್ರವನ್ನು ಒಪ್ಪಿಗೆ ಕೊಟ್ಟು ಕಳಿಸಿದವನು ನಾನು.

ಆಗಸ್ಟ್‌ನಲ್ಲಿ ನಮ್ಮ ಕಸುಬಿನವರ ವಾರ್ಷಿಕ ಸಮ್ಮೇಳನ. ಕೊರಳಿಗೆ ಬಿಲ್ಲೆ, ಕೈಗೊಂದು ಚೀಲ, ದೊಡ್ಡ ಹೋಟೆಲಿನ ಸಭಾಂಗಣ, ನಡುಕ ಹುಟ್ಟಿಸುವಷ್ಟು ಏಸಿ. ನಮ್ಮಲ್ಲಿ ಬಿಳಿ ಟೋಪಿಯವರು, ಕಪ್ಪು ಟೋಪಿಯವರು ಎಂದು ಎರಡು ಪಂಗಡ. ಸರ್ಚಿನ ನಿಯಮಕ್ಕೆ ತಲೆಬಾಗಿ ನಡೆಯುವವರು ಬಿಳಿ, ಸಂದಿ ಹುಡುಕುವವರು ಕಪ್ಪು. ಜನರಿಗೆ ಹಾಕುವಾಗ ಎಲ್ಲವೂ ಒಂದೇ ಟೋಪಿ ಎಂದು ನಾನು ತಮಾಷೆ ಮಾಡುತ್ತಿದ್ದೆ, ಎಲ್ಲರೂ ನಗುತ್ತಿದ್ದರು. ಈ ವರ್ಷದ ಚರ್ಚೆ, ಕೈಬಿಟ್ಟ ಸೈಟುಗಳನ್ನು ಕೊಂಡು ಬಳಸುವುದು ಸರಿಯೋ ತಪ್ಪೋ. ಸರಿ ಎನ್ನುವ ಕಡೆಗೆ ನಾನು. ಇನ್ನೂರ ಹದಿನೇಳನ್ನೇ ಉದಾಹರಣೆ ಮಾಡಿ, ಹೆಸರು ಮುಚ್ಚಿ, ಏರುವ ಗೆರೆಯ ಚಿತ್ರ ತೋರಿಸಿದೆ. “ಬಿಟ್ಟು ಹೋದ ಮನೆಯ ಕಿಟಕಿ ಬಾಗಿಲು ತಗೊಂಡ್ರೆ ಯಾರಪ್ಪನ ಗಂಟು ಹೋಗುತ್ತೆ?” ಎಂದೆ. ಚಪ್ಪಾಳೆ ಬಿತ್ತು. ಬಿಳಿ ಟೋಪಿಯ ಕಡೆಯಿಂದ ಒಬ್ಬರು ಹಿರಿಯ ಮೇಡಂ, ಈ ಕಸುಬು ಹುಟ್ಟಿದಾಗಿನಿಂದ ಇರುವವರು, ಕೂತಲ್ಲಿಂದಲೇ ಕೇಳಿದರು: “ಮನೆಯವರು ಬಿಟ್ಟು ಹೋಗಿದ್ರಾ, ಇಲ್ಲ ಸಂತೆಗೆ ಹೋಗಿದ್ರಾ? ಬಾಗಿಲು ತಟ್ಟಿ ನೋಡಿದ್ರಾ?” ನಾನು ಏನೋ ಚಟಾಕಿ ಹಾರಿಸಿದೆ. ಊಟದ ಸಾಲಿನಲ್ಲಿ ಅವರು ನನ್ನ ಪಕ್ಕಕ್ಕೆ ಬಂದು ಮಡಿಸಿದ ಎರಡು ಹಾಳೆ ಕೊಟ್ಟರು. ನಿಮ್ಮ ಚಿತ್ರದ ಅಂಕಿಗಳಿಂದ ಸೈಟು ಯಾವುದೆಂದು ಕಂಡುಹಿಡಿದೆ, ಕಷ್ಟವೇನಲ್ಲ, ಒಂದು ಸಲ ಓದಿ ನೋಡಿ ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಕೈ ತೊಳೆಯಲು ಹೋದಾಗ ಬಿಡಿಸಿದೆ. ಕಪ್ಪು ಬಿಳುಪಿನ ಪ್ರಿಂಟು, ಮಸುಕಾಗಿತ್ತು. ನಿಮ್ಮ ಮುಖಗಳು ಮೊದಲು ತಿಳಿಯಲಿಲ್ಲ. ಮೊದಲು ಕಂಡದ್ದು ಎಡಗಡೆಯ ಮೂಲೆಯಲ್ಲಿ ಹೆಬ್ಬೆರಳು. ಪಿಟೀಲು, ಅಲ್ಲಿ ಬೇಸಿನ್ನಿನ ಮುಂದೆ ನಾನು ನನ್ನ ಹೆಬ್ಬೆರಳನ್ನು ಆ ಹಾಳೆಯ ಪಕ್ಕಕ್ಕೆ ಹಿಡಿದು ನೋಡಿದೆ. ಪಕ್ಕದವರು ಹುಷಾರಿಲ್ಲವೇ ಎಂದು ಕೇಳಿದರು.

ಅವತ್ತೇ ನಿನಗೆ ಬರೆದಿದ್ದರೆ ಏನಾದರೂ ಉಳಿಯುತ್ತಿತ್ತು. ನಾನು ಮಾಡಿದ್ದು ಬೇರೆ. ಆಫೀಸಿಗೆ ಫೋನ್ ಮಾಡಿ ಇನ್ನೂರ ಹದಿನೇಳು ತೆಗೆಸಿ ಎಂದೆ. “ಸಾರ್, ಚಿನ್ನದಂಥ ಸೈಟು, ಯಾಕೆ ಸಾರ್?” ಎಂದು ಕೇಳಿದರೆ ಪಾರ್ಟಿಯವರು ಬೇಡ ಅಂದರು ಎಂದು ಸುಳ್ಳು ಹೇಳಿದೆ. ಪ್ಯಾರಾ ಹೋಯಿತು. ಮೊದಲು ಎಲ್ಲ ಸರಿಮಾಡಿ, ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಆದರೆ ಸೆಪ್ಟೆಂಬರಿನಲ್ಲಿ ಪ್ಯಾರಾ ಹೋದದ್ದನ್ನು ಅಕ್ಕ ನೋಡಿದಳು. ಕೊನೆಗೂ ಮಗನಿಗೆ ಬುದ್ಧಿ ಬಂತು, ತಾನೇ ತೆಗೆದ ಎಂದುಕೊಂಡಳು. ಅವತ್ತು ನನ್ನ ಮುಂದೆಯೇ ಕೂತು ನಿನಗೆ ಮೆಸೇಜು ಬರೆದಳು: ತೆಗೆದೆಯಲ್ಲ, ಸಾಕು, ನಿನ್ನನ್ನು ಕ್ಷಮಿಸಿದ್ದೇನೆ, ಮನೆಗೆ ಬಾ. ಕಳಿಸಲೇ ಎಂದು ನನ್ನ ಕಡೆ ನೋಡಿದಳು. ನಾನು ಹೂಂ ಎಂದೆ. ಮಾಡದ ತಪ್ಪಿಗೆ ಐದು ತಿಂಗಳು ಬೈಸಿಕೊಂಡವನಿಗೆ ಅದೇ ತಪ್ಪಿಗೆ ಕ್ಷಮೆಯೂ ಬಂದರೆ ಹೇಗಿರುತ್ತದೆ ಎಂದು ಆಗ ಹೊಳೆಯಲಿಲ್ಲ. ಬೈಗುಳವನ್ನು ನೀನು ತಡೆದುಕೊಂಡಿದ್ದೆ. ಆ ಕ್ಷಮೆ ಬಂದ ದಿನವೇ ಅಲ್ಲವೇ ನೀನು ನಮ್ಮಿಬ್ಬರನ್ನೂ ಬ್ಲಾಕ್ ಮಾಡಿದ್ದು? ಅಕ್ಕ ಆ ದಿನದಿಂದ ನಿನ್ನನ್ನು ಕಲ್ಲೆದೆಯವನು ಅನ್ನುತ್ತಾಳೆ. ನಾನು ಪಕ್ಕದಲ್ಲಿ ಕೂತು ಕೇಳುತ್ತೇನೆ.

ಇನ್ನೂ ಒಂದಿದೆ. ಕಳೆದ ತಿಂಗಳು ಅಕ್ಕನ ಮನೆಗೆ ಒಬ್ಬಳು ಬಂದಿದ್ದಳು. ಬಟ್ಟೆ ಹೊಲಿಯುವವಳು, ಬೆರಳಿಗೆ ಹಾಕುವ ಲೋಹದ ಟೊಪ್ಪಿಯನ್ನು ತೆಗೆಯುವುದನ್ನೂ ಮರೆತು ಬಂದಿದ್ದಳಂತೆ. ಕಂಕುಳಲ್ಲಿ ಒಂದೂವರೆ ವರ್ಷದ ಹೆಣ್ಣುಮಗು. ಹೆರಿಗೆ ಆಸ್ಪತ್ರೆಯಲ್ಲಿ ಕೊಟ್ಟ ಚೀಟಿಯಲ್ಲಿ ಅಕ್ಕನ ಸೈಟಿನ ಹೆಸರು ಅಚ್ಚಾಗಿತ್ತು. ಫೆಬ್ರವರಿಯಲ್ಲಿ ಎರಡನೆಯ ಪರೀಕ್ಷೆಗೆ ಕರೆದಿದ್ದರು, ಇವಳು ಹೋಗಲಿಲ್ಲ. ಹನಿ ಹಾಕಿದಳು. ಆರು ತಿಂಗಳಾದ ಮೇಲೆ ಇನ್ನೂ ಒಂದು ತಿಂಗಳು ಹಾಕಿದಳು. ಮಗುವಿನ ಮಿದುಳು ಮಾತನ್ನು ಹಿಡಿಯುವ ಕಾಲ ಅದು, ಅದರಲ್ಲಿ ಏಳು ತಿಂಗಳು ಕಳೆದವು ಎಂದರು ವೈದ್ಯರು, ಇನ್ನು ಎಷ್ಟು ಹಿಂದಕ್ಕೆ ತರಬಹುದೋ ಹೇಳಲಾಗದು ಎಂದರು. ಅವಳು 'ನಿಮ್ಮ ಮುಖ ನೋಡಿ ನಂಬಿದ್ದೆ, ಔಷಧಿ ನೋಡಿ ಅಲ್ಲ' ಎಂದು ಅಕ್ಕನ ಮುಂದೆ ಅತ್ತಳಂತೆ. ಇವರಿಬ್ಬರೂ ಮಾತಾಡುತ್ತಿರುವಾಗ ಮಗು ಅಡುಗೆಮನೆಗೆ ಪುಟ್ಟ ಹೆಜ್ಜೆಯಿಟ್ಟು ಹೋಗಿ ದೊಡ್ಡ ಪಾತ್ರೆಯ ಮುಚ್ಚಳ ಎಳೆದು ಬೀಳಿಸಿತು. ಇಬ್ಬರು ಹೆಂಗಸರೂ ಬೆಚ್ಚಿಬಿದ್ದರು. ಮಗು ತಿರುಗಿಯೂ ನೋಡಲಿಲ್ಲ. ಇದನ್ನು ಹೇಳುವಾಗ ಅಕ್ಕ ಅಳಲಿಲ್ಲ. “ಅವನು ಏಪ್ರಿಲ್‌ನಲ್ಲೇ ತೆಗೆದಿದ್ರೆ ಈ ಮಗುವಿಗೆ ನಾಲ್ಕು ತಿಂಗಳಾದ್ರೂ ಉಳೀತಿತ್ತು” ಎಂದಳು. ಆಗಲೂ ನಾನು ಕಾಫಿ ಕುಡಿದು ಲೋಟ ತೊಳೆದಿಟ್ಟು ಎದ್ದು ಬಂದೆ.

ಈಗ ಸೈಟಿನ ಹೆಸರನ್ನು ನಿನ್ನ ಹೆಸರಿಗೇ ಮಾಡಿಸಿದ್ದೇನೆ, ಕಾಗದಪತ್ರ ಲಕೋಟೆಯಲ್ಲಿ ಇದೆ. ಇದರಿಂದ ಎಲ್ಲ ಸರಿಹೋಯಿತು ಎಂದು ತಿಳಿಯಬೇಡ. ಆಸ್ಪತ್ರೆಗಳು ಒಂದೊಂದಾಗಿ ಲಿಂಕು ತೆಗೆಯುತ್ತಿವೆ. ಕೆಲವಕ್ಕೆ ಅಕ್ಕನೇ ಕೈಯಾರೆ ಪತ್ರ ಬರೆದು ತನ್ನ ಹೆಸರು ಅಳಿಸಿ ಎಂದಿದ್ದಾಳೆ. ಸರ್ಚಿನ ಯಂತ್ರಕ್ಕೂ ಈಗ ಅದರ ಮೇಲೆ ಸಂಶಯ ಬಂದಿದೆ, ಎಂಟನೆಯ ಪುಟದಲ್ಲಿ ಎಸೆದಿದೆ, ಅಲ್ಲಿಯವರೆಗೆ ಯಾರೂ ಹೋಗುವುದಿಲ್ಲ. ಮಗು ಕೂಗಿದರೆ ತಿರುಗುವುದಿಲ್ಲ ಎಂದು ಒಬ್ಬ ತಾಯಿ ಇವತ್ತು ಸರ್ಚ್ ಮಾಡಿದರೆ ಮೊದಲು ಬರುವುದು ಹನಿಯ ಕಂಪನಿ. ಅದನ್ನು ಅಕ್ಕನ ಹೆಗಲ ಮೇಲೆ ನಿಲ್ಲಿಸಿ ಮೇಲೆತ್ತಿದವನು ನಾನು. ಎತ್ತುವುದು ನನಗೆ ಬರುತ್ತದೆ, ಇಳಿಸುವುದು ಬರುವುದಿಲ್ಲ. ಕೆಲಸ ಬಿಟ್ಟೆ ಎಂದು ಇಲ್ಲಿ ಬರೆದರೆ ಚೆನ್ನಾಗಿ ಕಾಣುತ್ತದೆ. ಬಿಟ್ಟಿಲ್ಲ. ಪಟ್ಟಿಗಳು ಬರುತ್ತಲೇ ಇವೆ, ಹೆಸರು ತೆರೆದೇ ಕಳಿಸಿ ಎಂದು ಹಟ ಹಿಡಿದು ಒಂದೊಂದನ್ನೂ ಓದುತ್ತಿದ್ದೇನೆ, ಆಫೀಸಿನವರು ನನಗೆ ತಲೆ ಕೆಟ್ಟಿದೆ ಅನ್ನುತ್ತಾರೆ. ಇನ್ನೂರ ಹದಿನಾರು, ಇನ್ನೂರ ಹದಿನೆಂಟು ಯಾರದ್ದಾಗಿದ್ದವೋ ಗೊತ್ತಿಲ್ಲ.

ನನ್ನನ್ನು ಕ್ಷಮಿಸು ಎಂದು ಬರೆಯುವುದಿಲ್ಲ, ಆ ಪದ ನಿನಗೆ ಮಾಡಿದ್ದನ್ನು ನೋಡಿದ್ದೇನೆ. ನೀನು ಮಾಡಲಿಲ್ಲ ಎಂದು ಮಾತ್ರ ಬರೆಯುತ್ತೇನೆ, ಇನ್ನೊಂದು ಸಲ ಬರೆಯುತ್ತೇನೆ, ನೀನು ಮಾಡಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು. ಬೆನ್ನು ನೋಡಿಕೋ. ಅತ್ತೆ ನಿನ್ನನ್ನು ಕೇಳಿದಳೆಂದು ಹೇಳಲು ಹೇಳಿದ್ದಾಳೆ, ಅವಳಿಗೂ ಇದು ಯಾವುದೂ ಗೊತ್ತಿಲ್ಲ. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ, ನಿನ್ನ ಕೈಗಳು ಜೇಬಿನಿಂದ ಹೊರಗೆ ಬರಲಿ.

ನಿನ್ನ
ಹೆಬ್ಬೆರಳು ಮಾವ

ತಾಜಾಕಲಂ: ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಕನ ಅಡುಗೆಮನೆಯಲ್ಲಿ ನಿಂತುಕೊಂಡು, ಇವತ್ತು ಶನಿವಾರ ಬೆಳಿಗ್ಗೆ. ನಿನ್ನ ಹೊಸ ಕೋಣೆಯ ವಿಳಾಸ ಅವಳ ಬಳಿ ಮಾತ್ರ ಇತ್ತು, ಕೇಳಲು ನಿನ್ನೆ ಬಂದೆ. ಇಷ್ಟು ದಪ್ಪ ಕಾಗದದಲ್ಲಿ ಏನಿದೆ ಎಂದಳು. ಕಾಗದವನ್ನೇ ಕೈಗಿಟ್ಟೆ. ನಿಂತಲ್ಲೇ ಓದಿದಳು, ಎರಡು ಸಲ. “ಇನ್ನು ಈ ಮನೆಗೆ ಬರಬೇಡ” ಎಂದಳು. ಇವತ್ತು ಡಬ್ಬಿ ತಲುಪಿಸಲೆಂದು ಮಾತ್ರ ಒಳಗೆ ಬಿಟ್ಟಿದ್ದಾಳೆ. ಕಾಗದವನ್ನು ಅಂಚೆಗೆ ಹಾಕುತ್ತಿಲ್ಲ. ಡಬ್ಬಿಯನ್ನೂ ಇದನ್ನೂ ತೆಗೆದುಕೊಂಡು ಒಂಬತ್ತರ ರೈಲಿಗೆ ಒಬ್ಬಳೇ ಹೊರಟಿದ್ದಾಳೆ. ಸಂಜೆ ನೀನು ಕೆಲಸ ಮುಗಿಸಿ ಕೋಣೆಗೆ ಬಂದ ಮೇಲೆ ಕಾಗದವನ್ನು ಬಾಗಿಲ ಕೆಳಗೆ ತೂರಿಸುತ್ತಾಳೆ. ನೀನು ಪೂರ್ತಿ ಓದುವವರೆಗೆ ಬಾಗಿಲು ಬಡಿಯುವುದಿಲ್ಲವಂತೆ, ಬಡಿದರೂ ನಿನಗೆ ಕೇಳುವುದಿಲ್ಲ. ಈ ಸಲ ನನ್ನ ಮಾತು ಕೇಳಿ ಮೊದಲಿನಿಂದ ಓದಿದ್ದರೆ, ಅಷ್ಟು ಹೊತ್ತೂ ಅವಳು ಹೊರಗೆ ನಿಂತೇ ಇದ್ದಾಳೆ. ಅಲ್ಲಿ ಕೂರಲು ಏನೂ ಇಲ್ಲ. ಬಾಗಿಲು ತೆಗಿ.